ತಿಳಿನೀರಿನ ವಾರ

ಟೊಬೇಗೊ ದ್ವೀಪದ ಮೂಡಣ ಕರಾವಳಿಯ ಸ್ಪೇಸೈಡ್ ಎಂಬ ಊರಿಗೆ ಬಂದು ಎಲ್ಫರ್ಡ್ ಟ್ರಿಮ್ ಎಲ್ಲಿ ಎಂದು ಕೇಳಿದರೆ ಯಾರಾದರೂ ಒಂದು ಗಳಿಗೆ ಯೋಚಿಸುತ್ತಾರೆ. 'ಕೈಕಟ್ಟು ಟ್ರಿಮ್' ಎಂದರೆ ಮೀನು ಮಾರುವ ಹೆಂಗಸು ಕೂಡ ಕತ್ತಿ ಕೆಳಗಿಡದೆ ಗದ್ದದಲ್ಲೇ ಮನೆ ತೋರಿಸುತ್ತಾಳೆ. ಆ ಹೆಸರು ಪುಕ್ಕಟೆ ಬಂದದ್ದಲ್ಲ. ಹೊರದೇಶದವರ ಬೆನ್ನಿಗೆ ಗಾಳಿಯ ಸಿಲಿಂಡರು ಬಿಗಿದು ಸಮುದ್ರದ ತಳ ತೋರಿಸಿ ತರುವುದು ಅವನ ಮೂವತ್ತೊಂದು ವರ್ಷದ ಕಸುಬು. ನೀರಿಗೆ ಬೀಳುವ ಮುಂಚೆ ದೋಣಿಯ ಅಂಚಿನಲ್ಲಿ ಕೂತವರಿಗೆಲ್ಲ ಅವನದು ಒಂದೇ ಪಾಠ.

"ಕೈ ಕಟ್ಕೊಳ್ಳಿ. ಹವಳ ಅಂದ್ರೆ ಕಲ್ಲಲ್ಲ, ಜೀವ. ಕಣ್ಣಿಂದ ನೋಡಿ, ಕೈಯಿಂದಲ್ಲ."

ಯಾರಾದರೂ ಕೆಳಗೆ ಹೋದ ಮೇಲೆ ಆಸೆ ತಡೆಯದೆ ಬೆರಳು ಚಾಚಿದರೆ, ಚಾಕುವಿನ ಹಿಡಿಯಿಂದ ತನ್ನ ಸಿಲಿಂಡರಿಗೆ ಟಣ್ಣೆಂದು ಹೊಡೆದು ಅವರ ಎದೆ ಝಲ್ಲೆನ್ನಿಸುತ್ತಿದ್ದ. ಎರಡನೇ ಸಲ ಚಾಚಿದವರಿಗೆ ಹೆಬ್ಬೆರಳು ಮೇಲೆತ್ತಿ ತೋರಿಸುತ್ತಿದ್ದ. ಅಂದರೆ ಆಟ ಮುಗಿಯಿತು, ಮೇಲಕ್ಕೆ ನಡಿ. ಹಾಗೆ ಮೇಲಕ್ಕಟ್ಟಿಸಿಕೊಂಡವರಲ್ಲಿ ದೊಡ್ಡ ದೊಡ್ಡವರೂ ಇದ್ದರು. ಅವನು ಯಾರ ಮುಖವನ್ನೂ ನೋಡಿದವನಲ್ಲ.

ಇಷ್ಟೆಲ್ಲ ನಿಷ್ಠೆ ಯಾವುದಕ್ಕೆಂದರೆ, ಹೆಚ್ಚಾಗಿ ಒಂದೇ ಒಂದು ಹವಳಕ್ಕೆ. ಊರಿನೆದುರಿನ ಚಿಕ್ಕ ದ್ವೀಪದ ಮಗ್ಗುಲಲ್ಲಿ, ಎಂಟಾಳುದ್ದ ನೀರಿನ ಕೆಳಗೆ ಅದು ಕೂತಿದೆ. ನಮ್ಮೂರಿನ ಬಸ್ ತಂಗುದಾಣದಷ್ಟು ಅಗಲ, ಒಬ್ಬರ ಹೆಗಲ ಮೇಲೊಬ್ಬರು ನಿಂತಷ್ಟು ಎತ್ತರ, ಮೈತುಂಬ ಮಿದುಳಿನಂತೆ ಸುರುಳಿ ಸುರುಳಿ ಗೆರೆ. ಅವನ ಅಜ್ಜನ ಅಜ್ಜ ಹುಟ್ಟುವ ಮೊದಲೂ ಅದು ಅಲ್ಲೇ ಇತ್ತು. ಟ್ರಿಮ್ ಅದನ್ನು 'ದೊಡ್ಡವಳು' ಎನ್ನುತ್ತಿದ್ದ. ಊಟಕ್ಕೆ ಕೂತರೆ ದೊಡ್ಡವಳ ಸುದ್ದಿ, ಚರ್ಚಿಗೆ ಹೋಗುವ ದಾರಿಯಲ್ಲಿ ದೊಡ್ಡವಳ ಸುದ್ದಿ. ಎರಡು ವರ್ಷದಿಂದ ಅದರ ಒಂದು ಪಕ್ಕೆ ರೋಗ ಬಿದ್ದು ಬೆಳ್ಳಗಾಗುತ್ತಿತ್ತು. ಆ ಸುದ್ದಿಯನ್ನು ಮಾತ್ರ ಅವನು ಸಾವಿನ ಮನೆಯ ದನಿಯಲ್ಲಿ ಹೇಳುತ್ತಿದ್ದ.

ಅದನ್ನೆಲ್ಲ ಕೇಳುತ್ತಾ ಬಂದವಳು ಅವನ ಹೆಂಡತಿ ಯೂಲಿನ್. ಅವಳದು ಮಣ್ಣಿನ ಒಲೆ, ಶನಿವಾರ ಶನಿವಾರ ಇಡೀ ಊರಿಗೆ ಬ್ರೆಡ್ಡು. ಹಿಟ್ಟು ಹದವಾಯಿತೇ ಎಂದು ಅಂಗೈಯಿಂದ ಒತ್ತಿ ನೋಡುವಳು, ಬೆಂದಿತೇ ಎಂದು ಬ್ರೆಡ್ಡಿನ ಅಡಿಯನ್ನು ಬೆರಳಲ್ಲಿ ಬಡಿದು ಕೇಳುವಳು. ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದೂ ಉಪ್ಪುನೀರನ್ನು ಮೊಣಕಾಲಿಂದ ಮೇಲೆ ತಾಗಿಸಿಕೊಂಡವಳಲ್ಲ. ನಮ್ಮೂರಿನ ಅವಳ ವಯಸ್ಸಿನ ಹೆಂಗಸರಲ್ಲಿ ಈಜು ಬಲ್ಲವರು ಕಡಿಮೆ. ಸಮುದ್ರ ಗಂಡಸರನ್ನು ಕರೆದೊಯ್ಯುತ್ತದೆ, ಹೆಂಗಸರು ಕಾಯುತ್ತಾರೆ, ಅಷ್ಟೇ ಕರಾರು.

ಆದರೂ ಮದುವೆಯಾದ ಹೊಸದರಲ್ಲಿ ಅವಳೇ ಕೇಳಿದ್ದುಂಟು, ನನಗೂ ತೋರಿಸು ಅಂತ. ತೋರಿಸ್ತೀನಿ ಎಂದ. ಅಲ್ಲಿಂದ ಶುರುವಾಯಿತು ನೋಡಿ ಅವನ ತಪ್ಪು. ಸಮುದ್ರವನ್ನೇ ನಂಬಿದ ನಮ್ಮಂಥವರು ಮಾತ್ರ ಮಾಡುವ ತಪ್ಪು ಅದು. ನಮ್ಮ ಕಡೆ ನೀರು ತಿಳಿಯಾಗುವುದು ಜನವರಿಯಿಂದ ಮೇ ತನಕ, ಬೇಸಿಗೆಯ ನಾಲ್ಕೈದು ತಿಂಗಳು. ಜೂನ್ ಹುಟ್ಟಿತೆಂದರೆ ಆಚೆ ದಡದ ಒರಿನೋಕೊ ನದಿಯ ಮಳೆನೀರು ಸಮುದ್ರದಲ್ಲಿ ತೇಲಿ ಬಂದು ಎಲ್ಲವನ್ನೂ ಹಸಿರು ಮಾಡುತ್ತದೆ. ತಿಳಿನೀರು ಇದ್ದಾಗ ಅತಿಥಿಗಳು ಬರುತ್ತಾರೆ. ಅತಿಥಿಗಳಿದ್ದಾಗ ಟ್ರಿಮ್‌ಗೆ ಪುರುಸೊತ್ತಿಲ್ಲ. ಪುರುಸೊತ್ತು ಸಿಕ್ಕುವಷ್ಟರಲ್ಲಿ ನೀರು ಹಸಿರು. ಹಸಿರು ನೀರಿನಲ್ಲಿ ಏನು ತೋರಿಸುವುದು, ಬರುವ ವರ್ಷ ನೋಡೋಣ ಎನ್ನುವನು. ಒಳ್ಳೆಯ ನೀರೆಲ್ಲ ಬಂದವರಿಗೆ, ಕೆಟ್ಟ ನೀರೆಲ್ಲ ಮನೆಯವರಿಗೆ. ಮೂವತ್ತೊಂದು ವರ್ಷ ಹೀಗೆಯೇ ಹೋಯಿತು. ಯಾರೂ ಇದನ್ನು ತಪ್ಪು ಎಂದುಕೊಳ್ಳಲಿಲ್ಲ, ಯೂಲಿನ್ ಕೂಡ.

ಒಂದು ಶನಿವಾರ ಅವಳ ಬ್ರೆಡ್ಡು ಸೀದಿತು. ಮರುವಾರ ಮತ್ತೆ ಸೀದಿತು. ಆಮೇಲೆ ಅಂಗಳದಲ್ಲಿ ಮಲಗಿದ್ದ ನಾಯಿಯನ್ನು ತುಳಿದಳು, ಪಕ್ಕದಲ್ಲೇ ನಿಂತ ಟ್ಯಾಂಟಿ ಓರ್ಪಾಳನ್ನು ಕಾಣದೆ ಬಿಸಿನೀರು ಚೆಲ್ಲಿದಳು. ಪಕ್ಕದ ಮನೆಯ ಟ್ಯಾಂಟಿ ಓರ್ಪಾ ಎಂದರೆ ಇಡೀ ಬೀದಿಗೆ ಚಿಕ್ಕಮ್ಮ. ಅವಳೇ ಹಟ ಹಿಡಿದು ಗಂಡಹೆಂಡಿರನ್ನು ಸ್ಕಾರ್‌ಬರೋದ ಕಣ್ಣಿನ ಡಾಕ್ಟರ ಹತ್ತಿರ ಅಟ್ಟಿದಳು. ಡಾಕ್ಟರ್ ರಾಮ್‌ಕಿಸೂನ್ ಟ್ರಿನಿಡಾಡಿನ ಹೆಣ್ಣುಮಗಳು, ಸುತ್ತಿಬಳಸಿ ಮಾತಾಡುವವಳಲ್ಲ. ಕಣ್ಣಿನೊಳಗಿನ ಒತ್ತಡ ನರವನ್ನು ತಿಂದಿದೆ ಎಂದಳು. ಎಡಗಣ್ಣು ಹೆಚ್ಚುಕಡಿಮೆ ಹೋಗಿದೆ. ಬಲಗಣ್ಣಿಗೆ ಸುತ್ತಲಿಂದ ಕತ್ತಲು ಮುಚ್ಚುತ್ತಾ ಬರುತ್ತಿದೆ, ನಡುವೆ ಕೊಳವೆಯಷ್ಟು ಬೆಳಕು ಉಳಿದಿದೆ. ಕಣ್ಣಿಗೆ ಔಷಧಿಯ ಹನಿ ಹಾಕಿದರೆ ನಿಧಾನವಾದೀತು, ಹೋದದ್ದು ಬರುವುದಿಲ್ಲ.

"ಎಷ್ಟು ದಿನ?" ಎಂದು ಟ್ರಿಮ್ ಕೇಳಿದ.

"ನೋಡಬೇಕಾದ್ದನ್ನೆಲ್ಲ ಈ ವರ್ಷವೇ ನೋಡಿಬಿಡಿ" ಎಂದಳು ಡಾಕ್ಟರು.

ವಾಪಸು ಬರುವ ಬಸ್ಸು ನಡುದಾರಿಯ ರಾಕ್ಸ್‌ಬರೋ ದಾಟಿತು. ಆಮೇಲೆ ಯೂಲಿನ್ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು.

"ಟ್ರಿಮ್, ನಿನ್ನ ಆ ಕಲ್ಲು ನನಗೆ ತೋರಿಸು."

"ಕಲ್ಲಲ್ಲ..."

"ಜೀವ. ಗೊತ್ತು ಕಣೋ. ಮೂವತ್ತೊಂದು ವರ್ಷದಿಂದ ಊಟದ ಜೊತೆ ಅದನ್ನೇ ನುಂಗಿದೀನಿ. ಆ ದೊಡ್ಡವಳಲ್ಲಿ ಅಂಥದ್ದೇನಿದೆ ಅಂತ ಒಂದು ಸಲ ಕಣ್ಣಲ್ಲಿ ನೋಡ್ಬೇಕು. ಮೊಮ್ಮಕ್ಕಳನ್ನ ನೋಡಾಯ್ತು, ಪೋರ್ಟ್ ಆಫ್ ಸ್ಪೇನ್ ನೋಡಾಯ್ತು. ಉಳಿದದ್ದು ಇದೊಂದೇ."

ಟ್ರಿಮ್ ಅವಳ ಕಡೆ ತಿರುಗಿದ. ಸರಿ ಎಂದು ತಲೆಯಾಡಿಸಿದ. ಅವನು ಕೂತಿದ್ದ ಕಡೆ ಅವಳಿಗೆ ಏನೂ ಕಾಣುವುದಿಲ್ಲ ಎಂಬುದು ಆಮೇಲೆ ನೆನಪಾಗಿ, ಬಾಯಿಬಿಟ್ಟು "ತೋರಿಸ್ತೀನಿ" ಎಂದ.

ಆಗ ಅಕ್ಟೋಬರ್. ನೀರು ತಿಳಿಯಾಗಲು ಇನ್ನೂ ಮೂರು ತಿಂಗಳಿತ್ತು. ಟ್ರಿಮ್ ದಿನಚರಿಯ ಪುಸ್ತಕ ತೆಗೆದು, ಅತಿಥಿಗಳಿಗೆ ಬರೆಯುವಂತೆಯೇ ಹೆಂಡತಿಯ ಯಾತ್ರೆಯ ಯೋಜನೆ ಬರೆದ. ನವೆಂಬರಿನಲ್ಲಿ ಎದೆಮಟ್ಟ ನೀರಿನಲ್ಲಿ ಮುಖ ಮುಳುಗಿಸುವುದು. ಡಿಸೆಂಬರಿನಲ್ಲಿ ಸಿಲಿಂಡರಿನ ನಳಿಗೆ ಬಾಯಲ್ಲಿ ಕಚ್ಚಿ ಉಸಿರಾಡುವುದು. ಜನವರಿಯಲ್ಲಿ ಎರಡಾಳು ನೀರು, ಆಮೇಲೆ ನಾಲ್ಕಾಳು. ಡಾಕ್ಟರಿಗೆ ಫೋನು ಮಾಡಿ ಒಪ್ಪಿಗೆಯನ್ನೂ ತೆಗೆದುಕೊಂಡ. ಯೂಲಿನ್‌ಗೆ ಇದೆಲ್ಲ ನಗು ತರಿಸಿತು. ಆ ಹೊತ್ತಿಗೇ ಇಂಗ್ಲೆಂಡಿನಿಂದ ಮಿಸೆಸ್ ಪಾರ್ಟ್ರಿಜ್ ಎಂಬವಳು ಮಾರ್ಚ್ ತಿಂಗಳಲ್ಲಿ ತನ್ನ ಬಳಗ ಕಟ್ಟಿಕೊಂಡು ಬರುವವಳಿದ್ದಳು. ಪ್ರತಿ ವರ್ಷ ಬರುವವಳು, ವಾರಕ್ಕೆ ಎರಡು ಪತ್ರ, ಪತ್ರಕ್ಕೆ ಹತ್ತು ಪ್ರಶ್ನೆ. ಯೂಲಿನ್ ಅವಳ ದನಿ ಅಣಕಿಸಿ ಒಲೆಯ ಮುಂದಿನಿಂದ ಕೂಗುವಳು:

"ಮಿಸ್ಟರ್ ಟ್ರಿಮ್, ನೀರು ಬೆಚ್ಚಗಿರುತ್ತಾ? ಮಧ್ಯಾಹ್ನದ ಊಟ ಸೇರಿದೆಯಾ? ಶಾರ್ಕು ಕಚ್ಚಿದರೆ ಹೊಣೆ ಯಾರದ್ದು?"

"ಬೆಚ್ಚಗಿದೆ ಮೇಡಂ. ಊಟ ನೀವೇ ಮಾಡಿ ತರಬೇಕು ಮೇಡಂ. ನಿಮ್ಮನ್ನ ಕಚ್ಚಿದ ಶಾರ್ಕನ್ನ ದೇವರೇ ಕಾಪಾಡಬೇಕು ಮೇಡಂ."

ಕಲಿಕೆ ಮಾತ್ರ ನಗುವ ಮಾತಾಗಿರಲಿಲ್ಲ. ಮೊದಲ ದಿನ ನಳಿಗೆ ಉಗುಳಿ ಅವನ ಕೊರಳಿಗೆ ಜೋತುಬಿದ್ದು ಉಗುರು ನಾಟಿಸಿದಳು. ದಂಡೆಯಲ್ಲಿ ನಿಂತ ಊರವರು ಸುಮ್ಮನಿರುತ್ತಾರೆಯೇ? "ಯೂಲಿನಕ್ಕಾ, ಬ್ರೆಡ್ಡು ನೆನೀತಾ ಇದೆ ನೋಡು!" ಎಂದು ಕೂಗಿದವನು ದೋಣಿಯ ಫಿಟ್ಜ್‌ರಾಯ್, ಟ್ರಿಮ್‌ನ ಬಾಲ್ಯದ ಗೆಳೆಯ. ದೋಣಿ ನಡೆಸುವವನು ಅವನು, ಮುಳುಗುವವನು ಇವನು. ಯೂಲಿನ್ ಎರಡನೇ ದಿನವೂ ಇಳಿದಳು, ಮೂರನೇ ದಿನವೂ ಇಳಿದಳು. ಜನವರಿ ಕೊನೆಗೆ ನಾಲ್ಕಾಳು ನೀರಿನ ತಳದಲ್ಲಿ ಕೈ ಕಟ್ಟಿಕೊಂಡು ಪೀಠದ ಮೇಲೆ ಕೂತ ಪಾದ್ರಿಯಂತೆ ಕೂತುಬಿಟ್ಟಳು. ಟ್ರಿಮ್‌ಗೆ ಹೆಮ್ಮೆಯಿಂದ ನಿದ್ದೆ ಬರಲಿಲ್ಲ.

ಇನ್ನು ಬೇಕಾದದ್ದು ತಿಳಿನೀರಿನ ಒಂದು ದಿನ. ಟ್ರಿಮ್ ನೀರನ್ನು ಅಳೆಯುವುದಕ್ಕೆ ಬೇರೆ ಯಂತ್ರ ಇಟ್ಟಿರಲಿಲ್ಲ. ಒಂದು ಬಿಳಿಯ ಎನಾಮೆಲ್ ತಟ್ಟೆ, ಆಳಿಗೊಂದರಂತೆ ಗಂಟು ಹಾಕಿದ ಹುರಿ. ತಟ್ಟೆಯನ್ನು ಇಳಿಬಿಟ್ಟು, ಕಣ್ಣಿಗೆ ಮರೆಯಾಗುವವರೆಗೆ ಗಂಟು ಎಣಿಸುವುದು. ಎಂಟು ಗಂಟಿಗೆ ಕಾಣಬೇಕು, ಹನ್ನೆರಡಾದರೆ ಹಬ್ಬ. ಡಿಸೆಂಬರಿನಲ್ಲಿ ಏಳುವ ಕ್ರಿಸ್‌ಮಸ್ ಗಾಳಿ ಆ ವರ್ಷ ಫೆಬ್ರವರಿ ಮುಗಿದರೂ ಬಿಡಲಿಲ್ಲ. ಅಲೆ ಎದ್ದು ನೀರು ರಾಡಿ. ತಟ್ಟೆ ಆರನೇ ಗಂಟಿಗೇ ಮಾಯ. ಮಾರ್ಚಿನ ಎರಡನೇ ವಾರ ಗಾಳಿ ಅಡಗಿತು. ಅಡಗಿದ್ದು ಸರಿಯಾಗಿ ಮಿಸೆಸ್ ಪಾರ್ಟ್ರಿಜ್ ಬಂದಿಳಿದ ದಿನ.

ದೋಣಿಯಲ್ಲಿ ಎಂಟು ಸೀಟು. ಅವರು ಏಳು ಮಂದಿ. ಬುಧವಾರದ ಎಂಟನೇ ಸೀಟು ಯೂಲಿನ್‌ದು ಎಂದು ನಿಶ್ಚಯವಾಯಿತು. ಮುಳುಗುವಾಗ ಹಾಕುವ ಗಾಜಿನ ಮುಖವಾಡ ಸರಿಯಾಗಿ ಕೂರಲಿ ಎಂದು ಟ್ಯಾಂಟಿ ಓರ್ಪಾ ಮಂಗಳವಾರ ಮಧ್ಯಾಹ್ನವೆಲ್ಲ ಕೂತು ಅವಳ ತಲೆಗೂದಲನ್ನು ಬಿಗಿಯಾಗಿ ಹೆಣೆದಳು. ಅದೇ ಸಂಜೆ ಮಿಸೆಸ್ ಪಾರ್ಟ್ರಿಜ್ ಟ್ರಿಮ್‌ನನ್ನು ಕರೆದು, ನನ್ನ ಮೈದುನ ಬಾರ್ಬಡೋಸಿನಿಂದ ಇವತ್ತೇ ಬಂದುಬಿಟ್ಟಿದ್ದಾನೆ, ನಾಳೆ ಒಂದು ಸೀಟು ಹೊಂದಿಸಲಿಕ್ಕಾದೀತೇ ಎಂದು ಕೇಳಿದಳು.

ಕೈಕಟ್ಟು ಟ್ರಿಮ್ ಸಮುದ್ರದ ಕೆಳಗೆ ಹುಲಿ. ಮೇಲೆ ಬಂದರೆ ಅತಿಥಿಗೆ ಇಲ್ಲ ಎನ್ನುವುದು ಅವನಿಗೂ ಗೊತ್ತಿಲ್ಲ, ಅವನಪ್ಪನಿಗೂ ಗೊತ್ತಿರಲಿಲ್ಲ, ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲ. ಮನೆಗೆ ಬಂದವರು ಕೇಳಿದರೆ ಒಲೆಯ ಮೇಲಿನ ಮಡಕೆಯನ್ನೇ ಇಳಿಸಿಕೊಡುವ ಜನ ನಾವು. ಮನಸ್ಸು ಬೇಡ ಎನ್ನುತ್ತಿರುವಾಗಲೇ ಬಾಯಿ ತನ್ನಷ್ಟಕ್ಕೆ "ಅದಕ್ಕೇನಂತೆ ಮೇಡಂ" ಎಂದುಬಿಟ್ಟಿತು.

ಮನೆಗೆ ಬಂದು ಹೇಳಿದ. ಯೂಲಿನ್ ಹೊಸ ಜಡೆಗಳ ಮೇಲೆ ಅಂಗೈ ಆಡಿಸುತ್ತಾ ಕೇಳಿಸಿಕೊಂಡಳು.

"ಬಂದವರು ತಾನೇ, ಹೋಗ್ಲಿ ಬಿಡು. ನಾನೆಲ್ಲಿ ಓಡಿಹೋಗ್ತೀನಿ? ಅವರು ಹೊರಟ ಮೇಲೆ ಹೋದರಾಯ್ತು."

ಟ್ಯಾಂಟಿ ಓರ್ಪಾ ಮಾತ್ರ ಬೇಲಿಯಾಚೆಯಿಂದ ಬಿಡಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ! ನಾಲ್ಕು ಗಂಟೆ ಹೆಣೆದಿದೀನಿ ಕಣೋ ಆ ತಲೇನ. ಬೆರಳು ಮುರಿದು ಬಂತು ನಂಗೆ!"

ಬುಧವಾರ ತಟ್ಟೆ ಹನ್ನೆರಡನೇ ಗಂಟಿಗೂ ನಕ್ಕಿತು. ಅಂಥ ನೀರನ್ನು ಟ್ರಿಮ್ ಹತ್ತು ವರ್ಷದಲ್ಲಿ ಕಂಡಿರಲಿಲ್ಲ. ದೋಣಿಯಿಂದ ಬಗ್ಗಿ ನೋಡಿದರೇ ದೊಡ್ಡವಳ ಬೆನ್ನು ಕಾಣುತ್ತಿತ್ತು, ಮೇಲೆ ನೀಲಿ ಮೀನುಗಳು ಹಾಯುವುದು ಕಾಣುತ್ತಿತ್ತು. ಬಾರ್ಬಡೋಸಿನ ಮೈದುನ ಅಲೆಗೆ ತಲೆ ತಿರುಗಿ, ನೀರಿಗೆ ಇಳಿಯಲೇ ಇಲ್ಲ. ಎಂಟನೇ ಸೀಟಿನಲ್ಲಿ ಟವಲು ಹೊದ್ದು ಬಕೇಟಿಗೆ ವಾಂತಿ ಮಾಡುತ್ತಾ ಮಲಗಿದ್ದ. ಕೆಳಗೆ ಹೋದ ಟ್ರಿಮ್ ಅತಿಥಿಗಳಿಗೆ ಬೆನ್ನು ಮಾಡಿ ಒಂದು ನಿಮಿಷ ಹಾಗೇ ನಿಂತ. ಮುಖವಾಡದೊಳಗೆ ಅತ್ತರೆ ಒರೆಸಿಕೊಳ್ಳಲಿಕ್ಕಾಗುವುದಿಲ್ಲ.

ಶನಿವಾರ ಬಳಗ ಹೊರಟಿತು. ಸೋಮವಾರ ಯೂಲಿನ್‌ಗೆ ನೆಗಡಿ. ನೆಗಡಿ ಇದ್ದವರನ್ನು ಮುಳುಗಿಸುವಂತಿಲ್ಲ, ಕಿವಿ ಒಡೆಯುತ್ತದೆ. ನೆಗಡಿ ಕಿವಿಗೆ ಇಳಿದು ಕೀವಾಯಿತು. ಏಪ್ರಿಲ್ ಮುಗಿಯುವವರೆಗೆ ನೀರು ಮುಟ್ಟಕೂಡದು ಎಂದರು. ಟ್ರಿಮ್ ಕಂಡ ಕಷಾಯವನ್ನೆಲ್ಲ ಕಾಯಿಸಿದ. ಮೇ ತಿಂಗಳಲ್ಲಿ ಕಿವಿ ವಾಸಿಯಾದ ದಿನವೇ ಫಿಟ್ಜ್‌ರಾಯ್‌ನ ದೋಣಿಯ ಎಂಜಿನ್ನು ಕೈಕೊಟ್ಟಿತು. ಬಿಡಿಭಾಗ ಟ್ರಿನಿಡಾಡಿನಿಂದ ಬರಬೇಕು. ಬೇರೆ ದೋಣಿ ಕೇಳೋಣವೆಂದರೆ ಎಲ್ಲವೂ ಕಿಂಗ್‌ಫಿಷ್ ಮೀನಿನ ಹಿಂದೆ ಬಿದ್ದಿದ್ದವು. ಬಿಡಿಭಾಗ ಬಂದ ಮುಂಜಾನೆ ಟ್ರಿಮ್ ಓಡುತ್ತಾ ಹೋಗಿ ತಟ್ಟೆ ಇಳಿಬಿಟ್ಟ. ಐದು ಗಂಟು. ಮರುದಿನ ನಾಲ್ಕು. ನದಿಯ ನೀರು ಆ ವರ್ಷ ಎರಡು ವಾರ ಮುಂಚೆಯೇ ಬಂದುಬಿಟ್ಟಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಅವನನ್ನು ನೋಡಿದವರು ಇವನಿಗೆ ಏನೋ ಮೆಟ್ಟಿಕೊಂಡಿದೆ ಎಂದರು. ದಿನಕ್ಕೆ ಮೂರು ಸಲ ದೋಣಿಕಟ್ಟೆಯ ತುದಿಗೆ ಹೋಗಿ ತಟ್ಟೆ ಇಳಿಬಿಡುವುದು, ಎಣಿಸುವುದು, ಎಳೆದುಕೊಳ್ಳುವುದು. ಉಬ್ಬರದಲ್ಲಿ ನೋಡಿದ, ಇಳಿತದಲ್ಲಿ ನೋಡಿದ. ಉತ್ತರದ ಕೊಲ್ಲಿಗಳಲ್ಲಿ ತಿಳಿ ಇದೆಯೋ ಎಂದು ಚಾರ್ಲಟ್‌ವಿಲ್‌ಗೆ ನಡೆದು ಹೋಗಿ ನೋಡಿ ಬಂದ. ಚರ್ಚಿನಲ್ಲಿ ಮಂಡಿಯೂರಿ, ಒಂದೇ ದಿನ ಸಾಕಪ್ಪಾ, ಅರ್ಧ ದಿನ ಸಾಕು ಎಂದು ದೇವರ ಹತ್ತಿರ ಚೌಕಾಸಿ ಮಾಡಿದ. ಮನೆಗೆ ಬಂದರೆ ಯೂಲಿನ್ ಕೇಳುವಳು: "ಎಷ್ಟು ಗಂಟು?" ಮೂರಿದ್ದರೆ ಐದು ಎನ್ನುವನು. ಅವಳು ಹೂಂ ಎನ್ನುವಳು. ಈಗ ಅವಳು ಬ್ರೆಡ್ಡಿನ ಹಲಗೆಯನ್ನು ತಡವಿ ಹುಡುಕುತ್ತಿದ್ದಳು. ಚಮಚ ನೋಡಲು ಕೂಡ ಕತ್ತನ್ನು ಕೋಳಿಯಂತೆ ಅತ್ತಿತ್ತ ತಿರುಗಿಸಿ ಆ ಕೊಳವೆಯಷ್ಟು ಬೆಳಕಿನಲ್ಲಿ ಹಿಡಿಯಬೇಕಿತ್ತು. ಆ ಕೊಳವೆ ದಿನದಿನಕ್ಕೆ ಕಿರಿದಾಗುವುದನ್ನು ಅವನು ಅವಳ ಕತ್ತಿನಲ್ಲೇ ಅಳೆಯುತ್ತಿದ್ದ.

ಜೂನ್ ಇಪ್ಪತ್ತೈದರಂದು ತಟ್ಟೆ ಎರಡು ಗಂಟಿಗೆ ಮಾಯವಾಯಿತು. ಟ್ರಿಮ್ ಹುರಿಯನ್ನು ಕಿತ್ತು ತಟ್ಟೆಯನ್ನು ಸಮುದ್ರಕ್ಕೆ ಎಸೆದ.

"ತಗೋ! ಮೂವತ್ತೊಂದು ವರ್ಷ ಮಗೂನ ಕಾಯ್ದಂಗೆ ಕಾಯ್ದಿದೀನಿ ನಿನ್ನ. ಒಂದು ದಿನ ಕೇಳಿದೆ, ಒಂದು ದಿನ! ಕಂಡೋರಿಗೆಲ್ಲ ಕೊಟ್ಟೆ ನೀನು, ವಾಂತಿ ಮಾಡ್ಕೊಂಡು ಬಿದ್ದಿದ್ದ ಆ ಮನುಷ್ಯನಿಗೂ ಕೊಟ್ಟೆ!"

ಬಲೆ ಹೊಲಿಯುತ್ತಿದ್ದ ಫಿಟ್ಜ್‌ರಾಯ್ ಎದ್ದು ಬಂದು ಅವನ ಹೆಗಲು ಹಿಡಿದ. "ಸಮುದ್ರ ಏನ್ಮಾಡ್ತು ಕಣೋ? ಕೊಟ್ಟೋನು ನೀನು."

ಅದು ನಿಜವೆಂದು ಟ್ರಿಮ್‌ಗೂ ಗೊತ್ತಿತ್ತು. ಮನೆಗೆ ಹೋಗಿ ಒಲೆಯ ಮುಂದೆ ಕೂತಿದ್ದ ಹೆಂಡತಿಯ ಪಕ್ಕ ನೆಲದ ಮೇಲೆ ಕೂತ.

"ಎಷ್ಟು ಗಂಟು?"

"ಎರಡು" ಎಂದ. ಆಮೇಲೆ ಗಂಡಸು ಅಳುವಂತೆ ಅಳಲಿಲ್ಲ, ಮಗು ಅಳುವಂತೆ ಅತ್ತ. "ಆ ಸೀಟು ಕೊಡಬಾರದಿತ್ತು ಯೂಲಿ. ನಾನು ಕೊಡಬಾರದಿತ್ತು."

ಅವಳು ಅವನ ತಲೆ ತಡವಿ ಹುಡುಕಿ ಅದರ ಮೇಲೆ ಕೈಯಿಟ್ಟಳು. "ಇಪ್ಪತ್ತೊಂಬತ್ತಕ್ಕೆ ಮೀನುಗಾರರ ಸಂತ ಪೇತ್ರನ ಹಬ್ಬ. ಯಾವ ದೋಣಿಯೂ ಮೀನಿಗೆ ಹೋಗಲ್ಲ. ಫಿಟ್ಜ್‌ರಾಯ್‌ಗೆ ಹೇಳು, ಅವತ್ತು ಹೋಗೋಣ."

"ಏನೂ ಕಾಣಲ್ಲ ಯೂಲಿ. ಬರೀ ಹಸಿರು."

"ಇನ್ಮೇಲೆ ನನಗೆ ಎಲ್ಲಿ ಹೋದ್ರೂ ಏನೂ ಕಾಣಲ್ಲ. ಹಂಗಂತ ಎಲ್ಲಿಗೂ ಹೋಗ್ದೆ ಕೂತಿರ್ಲಾ?"

ಹಬ್ಬದ ದಿನ ದಂಡೆಯಲ್ಲಿ ಪಾದ್ರಿ ದೋಣಿಗಳಿಗೆ ಆಶೀರ್ವಾದ ಮಾಡಿ ಮುಗಿಸಿದ್ದ, ದೊಡ್ಡ ಹಂಡೆಯಲ್ಲಿ ಮೀನಿನ ಸಾರು ಕುದಿಯುತ್ತಿತ್ತು. ಟ್ಯಾಂಟಿ ಓರ್ಪಾ ಮತ್ತೆ ಹೆಣೆದ ಜಡೆಗಳ ಮೇಲೆ ಮುಖವಾಡವಿಟ್ಟುಕೊಂಡು ಯೂಲಿನ್ ದೋಣಿ ಹತ್ತಿದಳು. ಈ ಸಲ ಊರವರು ಯಾರೂ ತಮಾಷೆ ಮಾಡಲಿಲ್ಲ. ಹಸಿರು ನೀರಿನಲ್ಲೂ ದೊಡ್ಡವಳನ್ನು ಹುಡುಕಲು ದಡದ ಗುರುತುಗಳೇ ಸಾಕಿದ್ದವು. ದೋಣಿಯಿಂದ ನೋಡಿದರೆ ಚರ್ಚಿನ ಗೋಡೆಯ ಶಿಲುಬೆ ಹಿಂದಿನ ಗುಡ್ಡದ ಬೂರುಗದ ಮರದ ನೇರಕ್ಕೆ ಬರಬೇಕು, ಪಕ್ಕದ ಆಡಿನ ದ್ವೀಪದ ಚೂಪು ತುದಿ ಅದರಾಚೆಯ ಒಡೆದ ಬಂಡೆಯ ನೇರಕ್ಕೆ ಬರಬೇಕು. ಎರಡೂ ನೇರ ಸೇರಿದಲ್ಲಿ ಫಿಟ್ಜ್‌ರಾಯ್ ಎಂಜಿನ್ನು ನಿಲ್ಲಿಸಿದ.

ಟ್ರಿಮ್ ಅಭ್ಯಾಸಬಲದಿಂದ ಪಾಠ ಶುರುಮಾಡಿದ. "ಕೈ ಕಟ್ಕೋ. ಕಣ್ಣಿಂದ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಕೈಯಿಂದಲ್ಲ" ಎಂದು ಅವಳೇ ಮುಗಿಸಿ, ಕೈ ಕಟ್ಟಿಕೊಂಡು, ಹಿಂದಕ್ಕೆ ಒರಗಿ ನೀರಿಗೆ ಬಿದ್ದಳು.

ಅವಳ ಸಿಲಿಂಡರಿನ ಪಟ್ಟಿ ಹಿಡಿದು ಟ್ರಿಮ್ ಇಳಿಸುತ್ತಾ ಹೋದ. ಎರಡಾಳು, ನಾಲ್ಕಾಳು. ಕಾಲಲೂ ಎಂಬ ನಮ್ಮ ಹಸಿರು ಸೊಪ್ಪಿನ ಸಾರಿನೊಳಗೆ ಇಳಿದಂತಿತ್ತು. ಆರಾಳಿಗೆ ಬೆಳಕು ಕಂದಿತು. ಅವಳ ಗುಳ್ಳೆಗಳು ಬೇಗಬೇಗ ಏಳುತ್ತಿದ್ದವು. ಹೆದರಿದ್ದಳು, ಆದರೂ ಹೆಬ್ಬೆರಳು ಎತ್ತಲಿಲ್ಲ. ಎಂಟಾಳಿಗೆ ದೊಡ್ಡವಳು ಎದುರಿಗೆ ಬಂದಳು. ಬಂದಳು ಎಂದು ಗೊತ್ತಾದದ್ದು ಟ್ರಿಮ್‌ಗೆ, ಅದೂ ಹಸಿರು ಒಂದು ಕಡೆ ಕಪ್ಪಾದದ್ದರಿಂದ. ಅವನು ಟಾರ್ಚು ಹಾಕಿದ. ಬೆಳಕು ನೀರಿನ ರಾಡಿಗೆ ಬಡಿದು ಬೆಳ್ಳಗೆ ಮರಳಿತು. ಅವಳ ಕತ್ತು ಅತ್ತ ತಿರುಗಿತು, ಇತ್ತ ತಿರುಗಿತು, ಹುಡುಕಿತು. ಟಾರ್ಚನ್ನು ಹತ್ತಿರ ಹಿಡಿದ, ಓರೆಯಾಗಿ ಹಿಡಿದ, ಆರಿಸಿ ಮತ್ತೆ ಹಾಕಿದ. ಕೊನೆಗೆ ಅವಳು ಅವನ ಕಡೆ ಮುಖ ಮಾಡಿ, ಇಲ್ಲ ಎಂದು ಮೆಲ್ಲಗೆ ತಲೆಯಾಡಿಸಿದಳು. ಕೈಗಳು ಇನ್ನೂ ಕಟ್ಟಿಕೊಂಡೇ ಇದ್ದವು. ಅವನು ಹೇಳಿದ ಪಾಠವನ್ನು ಅಷ್ಟು ಚಾಚೂತಪ್ಪದೆ ಪಾಲಿಸಿದ ಅತಿಥಿ ಇನ್ನೊಬ್ಬರಿರಲಿಲ್ಲ.

ಟ್ರಿಮ್ ಆ ಕೈಗಳನ್ನು ಬಿಚ್ಚಿದ.

ಎಡಕ್ಕೆ ಎರಡು ಮಾರು ಹೋದರೆ ದೊಡ್ಡವಳ ಸತ್ತ ಪಕ್ಕೆ ಇತ್ತು. ಅಲ್ಲಿ ಮುಟ್ಟಿಸಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಅವನಿಗೆ ಅದು ನೆನಪಾಗದೆ ಇರಲಿಲ್ಲ. ಸತ್ತದ್ದನ್ನು ತೋರಿಸಲು ಅವಳನ್ನು ಇಷ್ಟು ದೂರ ಕರೆತರಬೇಕಿತ್ತೇ? ಅವಳ ಬಲಗೈಯನ್ನು ಹಿಡಿದು, ಬೆರಳು ಅಗಲಿಸಿ, ಜೀವ ಇರುವ ಕಡೆ ಒತ್ತಿ ಇಟ್ಟ. ಅವಳು ಮೊದಲು ಬೆಚ್ಚಿದಳು, ಆಮೇಲೆ ಅಂಗೈ ಚಪ್ಪಟೆ ಮಾಡಿದಳು. ಬೆರಳುಗಳು ಸುರುಳಿಯ ಹಳ್ಳದಲ್ಲಿ ಮೆಲ್ಲಗೆ ನಡೆದವು, ತಿರುವಿನಲ್ಲಿ ತಿರುಗಿದವು. ಗುಳ್ಳೆಗಳು ನಿಧಾನವಾದವು. ಕಣ್ಣು ಮುಚ್ಚಿದ್ದಳು. ಸಿಲಿಂಡರಿನ ಗಾಳಿ ಅಳೆಯುವ ಮುಳ್ಳು ಕೆಂಪಿಗೆ ಬರುವವರೆಗೆ ಅವನು ಅವಳನ್ನು ಹಾಗೇ ಬಿಟ್ಟ.

ದೋಣಿಗೆ ಹತ್ತಿ ನಳಿಗೆ ಉಗುಳಿ ಅವಳು ಆಡಿದ ಮೊದಲ ಮಾತು ಇದು:

"ಎಂಥ ಸುಳ್ಳುಗಾರನೋ ನೀನು. ಮಿದುಳಂತೆ! ಹುದುಗು ಬಂದ ಹಿಟ್ಟು ಕಣೋ ಅದು. ಮೇಲೆ ಬೆರಳಲ್ಲಿ ಗೆರೆ ಎಳೆದು ಬಿಟ್ಟಿದಾರೆ. ನಾನು ಒತ್ತಿದ್ರೆ ಅದೂ ಒಂಚೂರು ಒತ್ತಿದ ಹಂಗಾಯ್ತು."

ಟ್ರಿಮ್ ಅವಳ ಬೆನ್ನಿನ ಸಿಲಿಂಡರು ಬಿಚ್ಚಿದ. ಫಿಟ್ಜ್‌ರಾಯ್ ಎಂಜಿನ್ನಿನ ಹಗ್ಗ ಎಳೆದ.

ಸೆಪ್ಟೆಂಬರಿನಲ್ಲಿ ಆ ಬೆಳಕಿನ ಕೊಳವೆಯೂ ಮುಚ್ಚಿತು. ಯೂಲಿನ್ ಬ್ರೆಡ್ಡು ಬಿಡಲಿಲ್ಲ. ಒಲೆಯ ಕಾವನ್ನು ಮುಂಗೈಯಿಂದ ಅಳೆದಳು, ಸೀಯುವುದು ನಿಂತಿತು. ಪ್ರತಿ ಬ್ರೆಡ್ಡಿನ ಮೇಲೂ ಈಗ ಸುರುಳಿ ಗೆರೆ ಎಳೆಯುತ್ತಿದ್ದಳು. ದೊಡ್ಡವಳು ಹೇಗಿದ್ದಾಳೆ ಎಂದು ಆಗಾಗ ಕೇಳುವಳು. ನೀರು ಹಸಿರಿದೆ, ತಿಳಿಯಾದ ಮೇಲೆ ನೋಡಿ ಬರುತ್ತೇನೆ ಎನ್ನುವನು.

ಜನವರಿಯಲ್ಲಿ ನೀರು ತಿಳಿಯಾಯಿತು. ಮಿಸೆಸ್ ಪಾರ್ಟ್ರಿಜ್ ಈ ಸಲ ಬೇಗನೆ ಬಂದಿದ್ದಳು, ಐದು ಮಂದಿಯೊಡನೆ. ಟ್ರಿಮ್ ಪಾಠ ಹೇಳಿ ಅವರನ್ನು ಇಳಿಸಿದ. ಎಂಟಾಳು ನೀರಿನಲ್ಲಿ ದೊಡ್ಡವಳು ಬಿಸಿಲಲ್ಲಿ ಕೂತಂತೆ ಕೂತಿದ್ದಳು. ಸತ್ತ ಪಕ್ಕೆ ಅಂಥಾ ಹೆಚ್ಚಿರಲಿಲ್ಲ. ಆದರೆ ಈ ಕಡೆ, ಜೀವದ ಕಡೆ, ಹಳದಿ ಮೈಯ ನಡುವೆ ಹೊಸದೊಂದು ಬಿಳಿಯ ಮಚ್ಚೆ ಇತ್ತು. ಅಂಗೈಯಷ್ಟು. ರೋಗವೇ ಇಲ್ಲಿಗೂ ಹಾರಿತೋ, ಆ ಕೈಯೇ ಹಾಗೆ ಮಾಡಿತೋ, ಅವನಿಗೆ ತಿಳಿಯಲಿಲ್ಲ. ಆ ಅಂಗೈಯ ಅಳತೆ ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ಆರು ಮಂದಿ ಕೈ ಕಟ್ಟಿಕೊಂಡು ನೋಡುತ್ತಿರುವಾಗ ಟ್ರಿಮ್ ತನ್ನ ಕೈಯನ್ನು ಚಾಚಿ ಆ ಮಚ್ಚೆಯ ಮೇಲೆ ಇಟ್ಟ. ಅಲ್ಲಿ ಮುಟ್ಟಿದರೆ ಇನ್ನು ನಷ್ಟವಿಲ್ಲ.

ದೋಣಿಯಲ್ಲಿ ಮಿಸೆಸ್ ಪಾರ್ಟ್ರಿಜ್ ಕೂದಲು ಹಿಂಡಿಕೊಳ್ಳುತ್ತಾ, ಅವನು ಮುಟ್ಟಿದ್ದನ್ನು ಕಂಡೇ ಇಲ್ಲವೆಂಬಂತೆ, ಮುಂದಿನ ವರ್ಷದ ಲೆಕ್ಕಾಚಾರ ತೆಗೆದಳು.

"ಹೋದ ವರ್ಷ ಮಾರ್ಚಲ್ಲಿ ಎಂಥ ನೀರಿತ್ತು ಮಿಸ್ಟರ್ ಟ್ರಿಮ್! ಬರೋ ವರ್ಷ ಮಾರ್ಚಿನ ಎರಡನೇ ವಾರ ನಮಗೇ ಇಡ್ತೀರಲ್ಲಾ? ಎಂಟೂ ಸೀಟು."

"ಇಲ್ಲ ಮೇಡಂ" ಎಂದ ಟ್ರಿಮ್.

ಫಿಟ್ಜ್‌ರಾಯ್ ಚುಕ್ಕಾಣಿ ಬಿಟ್ಟು ತಿರುಗಿ ನೋಡಿದ. ಆ ದೋಣಿಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ.

"ಬೇರೆ ಯಾವ ವಾರ ಬೇಕಾದ್ರೂ ಕೇಳಿ. ಆ ವಾರ ಯೂಲಿನ್‌ದು."

ಅತಿಥಿಗಳನ್ನು ಇಳಿಸಿ, ದೋಣಿಯನ್ನು ಮರಳಿಗೆ ಎಳೆಯುವಾಗ ಫಿಟ್ಜ್‌ರಾಯ್ ತಡೆಯಲಾರದೆ ಕೇಳಿದ.

"ಬೇಜಾರು ಮಾಡ್ಕೋಬೇಡ. ಈಗ ಅವಳಿಗೆ ತಿಳಿನೀರಾದ್ರೇನು, ಹಸಿರು ನೀರಾದ್ರೇನು? ಎಲ್ಲಾ ಒಂದೇ ಅಲ್ವೇನೋ?"

"ಅವಳಿಗೆ ಒಂದೇ" ಎಂದ ಟ್ರಿಮ್. ದೋಣಿಯ ಹಗ್ಗವನ್ನು ಮರಕ್ಕೆ ಸುತ್ತಿ, ಗಂಟು ಹಾಕಿ, ಎಳೆದು ನೋಡಿದ. "ಅವಳು ಮುಟ್ಟೋದನ್ನ ನಾನು ನೋಡ್ಬೇಕು."